ಇಎಎಲ್ ಅಂದರೆ ಎಂತದ್ದು? ಜರ್ಮನಿಗೆ ಬಂದ ಕಾಸರಗೋಡಿನವರಿಗೆ

ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿತ ನಮಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹೊಸತಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ಎಷ್ಟೋ ಮಂದಿ ಮೌಸ್ ಹಿಡಿದದ್ದೇ ಅದರಲ್ಲಿ. ಆದರೂ ಇಲ್ಲಿ ಸರಕಾರಿ ಟೆಂಡರಿನ ಕೆಲಸಕ್ಕೆ ಕೂತ ದಿನವೇ "ಇಎಎಲ್4+ ಉಂಟಾ?" ಎಂದರೆ ಕಣ್ಣು ಕಣ್ಣು ಬಿಡಬೇಕಾಗುತ್ತದೆ. ನಾನೂ ಬಿಟ್ಟವನೇ.

ಇಎಎಲ್ ಎಂದರೆ ಇವ್ಯಾಲ್ಯುಯೇಶನ್ ಅಶ್ಯೂರೆನ್ಸ್ ಲೆವೆಲ್, ಅಂದರೆ ಪರೀಕ್ಷೆಯ ಹಂತ. ಕಂಪ್ಯೂಟರ್ ಉತ್ಪನ್ನಗಳ ಭದ್ರತೆಯನ್ನು ಪರೀಕ್ಷಿಸುವ ಕಾಮನ್ ಕ್ರೈಟೀರಿಯಾ ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಅದು 1ರಿಂದ 7ರ ತನಕ ಉಂಟು. ಜರ್ಮನಿಯಲ್ಲಿ ಪ್ರಮಾಣಪತ್ರ ಕೊಡುವುದು ಬಾನ್ ನಗರದಲ್ಲಿರುವ ಸರಕಾರಿ ಮಾಹಿತಿ ಭದ್ರತಾ ಕಚೇರಿ ಬಿಎಸ್‌ಐ. ಪರೀಕ್ಷೆ ಮಾಡುವುದು ಅದು ಒಪ್ಪಿದ ಲ್ಯಾಬ್.

ಅಂಕೆ ದೊಡ್ಡದಾದಷ್ಟೂ ಭದ್ರತೆ ಹೆಚ್ಚು ಅಂತ ಲೆಕ್ಕ ಹಾಕಬೇಡಿ ಮಾರಾಯ್ರೆ. ಚಾಲಿ ಅಡಿಕೆಯನ್ನು ಗೋಣಿಯಿಂದ ಹಿಡಿ ತೆಗೆದು ಬಣ್ಣ ನೋಡಬಹುದು, ಅಡಕತ್ತರಿಯಲ್ಲಿ ಸೀಳಿ ಒಳಗನ್ನೂ ನೋಡಬಹುದು. ಅಡಿಕೆ ಮಾತ್ರ ಅದೇ. ಇಎಎಲ್ ಹೇಳುವುದು ಎಷ್ಟು ಆಳಕ್ಕೆ ಸೀಳಿ ನೋಡಿದ್ದಾರೆ ಎಂಬುದನ್ನು. 4ರಲ್ಲಿ ಸೋರ್ಸ್ ಕೋಡನ್ನೂ (ಪ್ರೋಗ್ರಾಮಿನ ಮೂಲ ಬರಹ) ಮುಂದಿಡಬೇಕು. 7ಕ್ಕೆ ವಿನ್ಯಾಸವನ್ನು ಗಣಿತದ ರೀತಿಯಲ್ಲಿ ಸಾಧಿಸಿ ತೋರಿಸಬೇಕು. ಪಕ್ಕದ ಪ್ಲಸ್ ಎಂದರೆ ಆ ಹಂತ ಕೇಳಿದ್ದಕ್ಕಿಂತ ಏನೋ ಹೆಚ್ಚಿಗೆ ಸೇರಿದೆ ಎಂದು. ಲಿನಕ್ಸ್‌ನ ಮಟ್ಟಿಗೆ ಅದು ಹೆಚ್ಚಾಗಿ ದೋಷ ಸಿಕ್ಕಿದ ಮೇಲೆ ಸರಿಪಡಿಸುವ ಕ್ರಮ.

ಪ್ರಮಾಣಪತ್ರ "ಲಿನಕ್ಸ್"ಗೆ ಸಿಗುವುದಿಲ್ಲ, ಒಂದು ಕಂಪೆನಿಯ ಒಂದು ಆವೃತ್ತಿಗೆ ಸಿಗುತ್ತದೆ. ಐಬಿಎಂ ಸರ್ವರಿನ ಮೇಲೆ ಓಡುವ, ಸೂಸೆ ಎಂಬ ಕಂಪೆನಿಯ ಲಿನಕ್ಸಿನ 8ನೇ ಆವೃತ್ತಿಗೆ 2003ರಲ್ಲಿ ಇಎಎಲ್2+ ಬಂತು, ಸೂಸೆ 9ಕ್ಕೆ 2005ರಲ್ಲಿ 4+. ನನ್ನ ಮೊದಲ ಕಡತ ವಾಪಸು ಬಂದದ್ದು ಇದೇ ಕಾರಣಕ್ಕೆ: ಪತ್ರದಲ್ಲಿದ್ದದ್ದು ಒಂದು ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ಕಟ್ಟು), ನಾವು ಹಾಕಿದ್ದು ಅದರ ಮುಂದಿನದ್ದು. ಹೊಸತು ಒಳ್ಳೆಯದಲ್ಲವಾ ಎಂದು ವಾದಿಸಿದೆ. ಎದುರು ಕೂತ ಹೆಂಗಸು ಆವೃತ್ತಿಯ ಸಂಖ್ಯೆಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕಾಗದ ನನ್ನ ಕಡೆ ತಿರುಗಿಸಿದರು, ಅಷ್ಟೆ.

ಇನ್ನು ಎರಡು ಜರ್ಮನ್ ಶಬ್ದ. ತ್ಸೆರ್ಟಿಫಿಟ್ಸೀರುಂಗ್ ಎಂದರೆ ಮೇಲೆ ಹೇಳಿದ ಪ್ರಮಾಣಪತ್ರ. ತ್ಸುಲಾಸ್ಸುಂಗ್ ಎಂದರೆ ಸರಕಾರದ ಗೋಪ್ಯ ಮಾಹಿತಿಗೆ ಬಳಸಲು ಬಿಎಸ್‌ಐ ಕೊಡುವ ಪ್ರತ್ಯೇಕ ಅನುಮತಿ. ಟೆಂಡರಿನಲ್ಲಿ ವಿಎಸ್-ಎನ್‌ಎಫ್‌ಡಿ ("ಕಚೇರಿ ಬಳಕೆಗೆ ಮಾತ್ರ") ಎಂದು ಕಂಡರೆ, ಅದು ಗೋಪ್ಯತೆಯ ನಾಲ್ಕು ಹಂತಗಳಲ್ಲಿ ತೀರಾ ಕೆಳಗಿನದ್ದಾದರೂ, ಇಎಎಲ್ ಪತ್ರ ತೋರಿಸಿ ಪಾರಾಗಲು ಆಗುವುದಿಲ್ಲ.

2025ರ ಫೆಬ್ರವರಿ 27ರಿಂದ ಇಯುಸಿಸಿ ಎಂಬ ಯುರೋಪಿನ ಹೊಸ ಪ್ರಮಾಣಪತ್ರ ವ್ಯವಸ್ಥೆಯೂ ಜಾರಿಯಲ್ಲಿದೆ. ಅದರಲ್ಲಿ ಎರಡೇ ಮಟ್ಟ: ಸಬ್‌ಸ್ಟಾನ್ಷಿಯಲ್, ಹೈ. ಹಳೆಯ ಇಎಎಲ್4 ಬಂದು ಕೂರುವುದು ಹೈಯಲ್ಲಿ. ಬಿಎಸ್‌ಐ ಜಾಲತಾಣದಲ್ಲಿ ಪ್ರತಿ ಪ್ರಮಾಣಪತ್ರದ ಜೊತೆಗೆ ಸೆಕ್ಯುರಿಟಿ ಟಾರ್ಗೆಟ್ ಎಂಬ ಕಡತ ಇರುತ್ತದೆ. ಟೆಂಡರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಆವೃತ್ತಿ ಮತ್ತು ಹಾರ್ಡ್‌ವೇರ್ ಪಟ್ಟಿ ನೋಡಿ.