ಸಂವಹನ ಉಪಗ್ರಹ ನಡೆಸಲು ಅನುಮತಿ: ಹಾಸನದಿಂದ ಅರ್ಜಿ ಹಾಕುವವರಿಗೆ ಒಂದು ಮಾರ್ಗದರ್ಶಿ

ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ಇನ್ಸಾಟ್ ಸರಣಿಯ, ಆಮೇಲೆ ಜಿಸ್ಯಾಟ್ ಸರಣಿಯ ಉಪಗ್ರಹಗಳನ್ನು ನಿಯಂತ್ರಿಸುತ್ತ ಬಂದಿರುವುದರಿಂದ, ಉಪಗ್ರಹಕ್ಕೆ ಸಂಬಂಧಿಸಿದ ಅನುಮತಿಗಳೂ ಅಲ್ಲಿಯೇ ಸಿಗುತ್ತವೆ ಎಂದು ಹಾಸನದಲ್ಲಿ ಹಲವರು ತಿಳಿದಿದ್ದಾರೆ. ಆದರೆ ಎಂಸಿಎಫ್ ಎಂದು ಕರೆಯುವ ಈ ಕೇಂದ್ರ ಉಪಗ್ರಹ ನಡೆಸುವ ಜಾಗವೇ ಹೊರತು ಅನುಮತಿ ಕೊಡುವ ಕಚೇರಿಯಲ್ಲ. ಖಾಸಗಿ ಕಂಪನಿಯೊಂದು ಸಂವಹನ ಉಪಗ್ರಹ ನಡೆಸಬೇಕಾದರೆ ಎರಡು ಬಾಗಿಲು ತಟ್ಟಬೇಕು. ಕಕ್ಷೆಯಲ್ಲಿರುವ ವಸ್ತುವಿಗೆ ಒಪ್ಪಿಗೆ ನೀಡುವುದು ಅಹಮದಾಬಾದಿನ ಇನ್-ಸ್ಪೇಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಅದು ಬಳಸುವ ತರಂಗಾಂತರಕ್ಕೆ ಒಪ್ಪಿಗೆ ನೀಡುವುದು ದೂರಸಂಪರ್ಕ ಇಲಾಖೆ. ಒಂದು ಕಡೆ ಸಿಕ್ಕ ಒಪ್ಪಿಗೆಯನ್ನು ಇನ್ನೊಂದು ಕಡೆ ತೋರಿಸಿ ಕೆಲಸ ಮುಗಿಸಲು ಬರುವುದಿಲ್ಲ.

ಅರ್ಜಿಗೆ ಕೈಹಾಕುವ ಮೊದಲು ನಿಮಗೆ ನಿಜವಾಗಿ ಬೇಕಾಗಿರುವುದು ಏನೆಂದು ಗೊತ್ತುಮಾಡಿಕೊಳ್ಳಿ. ಸಕಲೇಶಪುರದ ಕಾಫಿ ತೋಟಕ್ಕೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಉಪಗ್ರಹದ ಮೂಲಕ ಇಂಟರ್‌ನೆಟ್ ಬೇಕು ಎನ್ನುವವರು ಈ ಬರಹದ ಉಳಿದ ಭಾಗವನ್ನು ಓದಬೇಕಾಗಿಲ್ಲ. ಪರವಾನಗಿ ಪಡೆದ ವಿಸ್ಯಾಟ್ (ಸಣ್ಣ ಡಿಶ್ ಆಂಟೆನಾ ಮೂಲಕ ಉಪಗ್ರಹ ಸಂಪರ್ಕ ಕೊಡುವ) ಕಂಪನಿಯಿಂದ ಸೇವೆ ಕೊಂಡರೆ ಸಾಕು. ಸ್ವಂತ ಉಪಗ್ರಹ ಇರುವವರು, ವಿದೇಶಿ ಉಪಗ್ರಹದ ಸಾಮರ್ಥ್ಯವನ್ನು ಭಾರತದಲ್ಲಿ ಮಾರುವವರು, ಇತರರ ಉಪಗ್ರಹಗಳಿಗೆ ನಿಯಂತ್ರಣ ಕೇಂದ್ರ ಕಟ್ಟುವವರು, ಈ ಮೂವರಿಗೂ ಇನ್-ಸ್ಪೇಸ್ ಒಪ್ಪಿಗೆ ಕಡ್ಡಾಯ.

ಖಾಸಗಿ ಕಂಪನಿಯ ಉಪಗ್ರಹದ ವಿಷಯದಲ್ಲಿ ಸರ್ಕಾರ ಇಷ್ಟು ಎಚ್ಚರ ವಹಿಸಲು ಕಾರಣವಿದೆ. 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿಯ ಪ್ರಕಾರ, ಸರ್ಕಾರೇತರ ಸಂಸ್ಥೆಗಳು ಬಾಹ್ಯಾಕಾಶದಲ್ಲಿ ನಡೆಸುವ ಚಟುವಟಿಕೆಗೂ ಆಯಾ ದೇಶವೇ ಅಂತರರಾಷ್ಟ್ರೀಯ ಹೊಣೆ ಹೊರಬೇಕು. ನಿಮ್ಮ ಉಪಗ್ರಹದ ಚೂರು ಬೇರೆ ದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ ಪರಿಹಾರದ ಹೊಣೆ ಬರುವುದು ಭಾರತದ ಮೇಲೆ. ಅರ್ಜಿಯಲ್ಲಿ ಕೇಳುವ ಎಷ್ಟೋ ಪ್ರಶ್ನೆಗಳ ಬೇರು ಇಲ್ಲಿದೆ.

ಮೊದಲು ಹಿಡಿಯಬೇಕಾದ ಕೆಲಸ, ಹೊಸಬರು ಕೊನೆಗೆ ತಳ್ಳುವ ಕೆಲಸವೇ ಆಗಿದೆ: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ, ಅಂದರೆ ಐಟಿಯುದಲ್ಲಿ, ಕಕ್ಷೆ ಮತ್ತು ತರಂಗಾಂತರದ ಕಡತ ಸಲ್ಲಿಸುವುದು. ಕಂಪನಿಗಳು ಜಿನೀವಾದಲ್ಲಿರುವ ಈ ಒಕ್ಕೂಟಕ್ಕೆ ನೇರವಾಗಿ ಅರ್ಜಿ ಕಳುಹಿಸುವಂತಿಲ್ಲ. ದೇಶದ ಪರವಾಗಿ ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರಗಳನ್ನು ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗ ಕಳುಹಿಸುತ್ತದೆ. ಉಪಗ್ರಹ ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದ ಒಂದೇ ವರ್ತುಲದಲ್ಲಿ. ಕೆರೆಯ ತೂಬಿನ ನೀರಿಗೆ ಸರದಿ ಇರುವಂತೆ ಅಲ್ಲಿಯೂ ಸರದಿಯಿದೆ: ನಿಮಗಿಂತ ಮೊದಲು ಕಡತ ಸಲ್ಲಿಸಿದ ಅಕ್ಕಪಕ್ಕದ ಉಪಗ್ರಹಗಳಿಗೆ ಅಡಚಣೆಯಾಗುವುದಿಲ್ಲ ಎಂದು ತೋರಿಸಿ, ಆಯಾ ದೇಶಗಳೊಂದಿಗೆ ಹೊಂದಾಣಿಕೆಯ ಮಾತುಕತೆ ನಡೆಸಬೇಕು. ಈ ಮಾತುಕತೆ ವರ್ಷಗಟ್ಟಲೆ ಹಿಡಿಯಬಹುದು. ಇನ್ನೊಂದು ಕಡೆ ಗಡುವೂ ಓಡುತ್ತಿರುತ್ತದೆ: ಕಡತ ಸ್ವೀಕೃತವಾದ 7 ವರ್ಷಗಳೊಳಗೆ ಆ ತರಂಗಾಂತರವನ್ನು ಬಳಕೆಗೆ ತರದಿದ್ದರೆ ಹಕ್ಕು ಹೋಗುತ್ತದೆ. ಬಳಕೆಗೆ ತರುವುದೆಂದರೆ, ಆ ತರಂಗಾಂತರದಲ್ಲಿ ಕೆಲಸ ಮಾಡಬಲ್ಲ ಉಪಗ್ರಹವನ್ನು ಆ ಸ್ಥಾನದಲ್ಲಿ ಎಡೆಬಿಡದೆ 90 ದಿನ ನಿಲ್ಲಿಸುವುದು. ಕೆಳಕಕ್ಷೆಯ ದೊಡ್ಡ ಸಮೂಹಗಳಿಗೆ 2019ರ ವಿಶ್ವ ರೇಡಿಯೊ ಸಮ್ಮೇಳನವು ಇನ್ನೊಂದು ಷರತ್ತು ಸೇರಿಸಿತು: ಆ 7 ವರ್ಷ ಮುಗಿದ ಮೇಲೆ 2 ವರ್ಷಗಳಲ್ಲಿ ಶೇ 10, 5 ವರ್ಷಗಳಲ್ಲಿ ಶೇ 50, 7 ವರ್ಷಗಳಲ್ಲಿ ಎಲ್ಲ ಉಪಗ್ರಹಗಳೂ ಕಕ್ಷೆಯಲ್ಲಿರಬೇಕು. ಆದ್ದರಿಂದ ಉಪಗ್ರಹದ ವಿನ್ಯಾಸ ಅಂತಿಮಗೊಂಡ ಮೇಲೆ ತರಂಗಾಂತರ ಹುಡುಕಲು ಹೊರಡುವುದು ದುಬಾರಿ ಅಭ್ಯಾಸವೆಂದೇ ನನ್ನ ಅಭಿಪ್ರಾಯ. ಮಾತುಕತೆಯಲ್ಲಿ ತರಂಗಾಂತರದ ಒಂದು ಪಟ್ಟಿ (ಬ್ಯಾಂಡ್) ಕೈತಪ್ಪಿದರೆ, ಸಂಕೇತವನ್ನು ಸ್ವೀಕರಿಸಿ ಮರಳಿ ಕಳುಹಿಸುವ ಟ್ರಾನ್ಸ್‌ಪಾಂಡರ್ ಮತ್ತು ಆಂಟೆನಾಗಳನ್ನೇ ಬದಲಿಸಬೇಕಾದೀತು.

ಇನ್-ಸ್ಪೇಸ್ ಅರ್ಜಿ ಇದಕ್ಕೆ ಹೋಲಿಸಿದರೆ ನೇರವಾದದ್ದು. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಹೊರಬಂದ ನಿಯಮ ಮತ್ತು ಕಾರ್ಯವಿಧಾನಗಳ ಕೈಪಿಡಿಯನ್ನು ಮೊದಲು ಪೂರ್ತಿ ಓದಿ, ಅನಂತರ ಸಂಸ್ಥೆಯ ಡಿಜಿಟಲ್ ವೇದಿಕೆಯಲ್ಲಿ ಅರ್ಜಿ ಸಲ್ಲಿಸಿ. ಅರ್ಜಿದಾರ ಭಾರತೀಯ ಸಂಸ್ಥೆಯಾಗಿರಬೇಕು. ವಿದೇಶಿ ಕಂಪನಿಯಾದರೆ ಇಲ್ಲಿನ ಅಂಗಸಂಸ್ಥೆ, ಜಂಟಿ ಉದ್ಯಮ ಅಥವಾ ಅಧಿಕೃತ ಪ್ರತಿನಿಧಿಯ ಮೂಲಕ ಬರಬೇಕು. ಉಪಗ್ರಹ ನಡೆಸುವ ಕಂಪನಿಯಲ್ಲಿ ವಿದೇಶಿ ಬಂಡವಾಳ ಶೇ 74ರ ತನಕ ಇದ್ದರೆ 2024ರ ತಿದ್ದುಪಡಿಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕಾಗಿಲ್ಲ, ಅದನ್ನು ಮೀರಿದರೆ ಬೇಕು. ಮಾಲೀಕತ್ವದ ವಿವರ, ಕಕ್ಷೆ, ತರಂಗಾಂತರದ ಕಡತ, ನಿಯಂತ್ರಣ ಕೇಂದ್ರದ ಸ್ಥಳ, ಉಪಗ್ರಹದ ಆಯುಸ್ಸು ಮುಗಿದ ಮೇಲೆ ಅದನ್ನು ಏನು ಮಾಡುತ್ತೀರಿ ಎಂಬ ಯೋಜನೆ, ಇವುಗಳಲ್ಲಿ ಒಂದು ಕಡೆಯ ಅಂಕಿ ಇನ್ನೊಂದು ಕಡೆಯದಕ್ಕೆ ತಾಳೆಯಾಗುವಂತೆ ನೋಡಿಕೊಳ್ಳಿ. ವಿದೇಶಿ ಉಪಗ್ರಹಗಳ ವಿಷಯದಲ್ಲಿ ಹಳೆಯ ಏರ್ಪಾಟುಗಳ ಕಾಲ ಮುಗಿದಿದೆ. 2025ರ ಜನವರಿ 1ರಿಂದ ಇನ್-ಸ್ಪೇಸ್ ಒಪ್ಪಿಗೆ ಪಡೆದವು ಮಾತ್ರ ಭಾರತದಲ್ಲಿ ಸಂವಹನ ಸಾಮರ್ಥ್ಯ ಒದಗಿಸಬಹುದು.

ಇನ್ನು ನೆಲದ ಮೇಲಿನ ಕೆಲಸ. ಸಾರ್ವಜನಿಕರಿಗೆ ಸೇವೆ ನೀಡುವುದಾದರೆ ದೂರಸಂಪರ್ಕ ಇಲಾಖೆಯಿಂದ ಸೇವಾ ಪರವಾನಗಿ ಪಡೆಯಬೇಕು. ಟಿವಿ ವಾಹಿನಿಗಳನ್ನು ಮೇಲಕ್ಕೆ ಕಳುಹಿಸುವ ಟೆಲಿಪೋರ್ಟ್ ಆದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. 2023ರ ದೂರಸಂಪರ್ಕ ಕಾಯ್ದೆಯ ಮೊದಲ ಅನುಸೂಚಿಯು ಇಂತಹ ಉಪಗ್ರಹ ಸೇವೆಗಳನ್ನು ಹರಾಜಿನಿಂದ ಹೊರಗಿಟ್ಟಿರುವುದರಿಂದ ತರಂಗಾಂತರ ಆಡಳಿತಾತ್ಮಕವಾಗಿ ಹಂಚಿಕೆಯಾಗುತ್ತದೆ. ಪ್ರತಿ ಆಂಟೆನಾದ ಸ್ಥಳಕ್ಕೂ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ ಮೂಲಕ ಸ್ಯಾಕ್ಫಾ ಎಂಬ ಸಮಿತಿಯ ಒಪ್ಪಿಗೆ ಕೇಳಬೇಕು. ಎತ್ತರದಿಂದ ವಿಮಾನಗಳಿಗೆ ತೊಂದರೆಯಾಗುತ್ತದೆಯೇ, ಪಕ್ಕದ ಮೈಕ್ರೋವೇವ್ ಜಾಲಗಳಿಗೆ ಅಡಚಣೆಯಾಗುತ್ತದೆಯೇ ಎಂದು ಅಲ್ಲಿ ಪರಿಶೀಲಿಸುತ್ತಾರೆ. ಬೂವನಹಳ್ಳಿಯ ವಿಮಾನ ನಿಲ್ದಾಣ ಯೋಜನೆಯ ಆಸುಪಾಸಿನಲ್ಲಿ ಜಾಗ ನೋಡುವವರು ಈ ಮಾತನ್ನು ಮರೆಯಬಾರದು.

ಜಿಲ್ಲೆಯೊಳಗೇ ಜಾಗದ ಆಯ್ಕೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಉಪಗ್ರಹಗಳು ಬಳಸುವ ತರಂಗಾಂತರ ಪಟ್ಟಿಗಳಲ್ಲಿ ಮೇಲಿನವಾದ ಕೆಯು ಮತ್ತು ಕೆಎ ಬ್ಯಾಂಡ್‌ಗಳ ಸಂಕೇತ ಜೋರು ಮಳೆಯಲ್ಲಿ ಕುಂದುವುದರಿಂದ, ಘಟ್ಟದಂಚಿನ ಸಕಲೇಶಪುರಕ್ಕಿಂತ ಮಳೆ ಕಡಿಮೆಯಿರುವ ಅರಸೀಕೆರೆ ಅಥವಾ ಚನ್ನರಾಯಪಟ್ಟಣದ ಕಡೆ ಗೇಟ್‌ವೇ (ಉಪಗ್ರಹವನ್ನು ನೆಲದ ಜಾಲಕ್ಕೆ ಜೋಡಿಸುವ ಕೇಂದ್ರ) ಕಟ್ಟುವುದು ಜಾಣತನ. ಅವುಗಳಿಗಿಂತ ಕೆಳಗಿನ ಸಿ ಬ್ಯಾಂಡ್‌ಗೆ ಮಳೆಯ ಕಾಟ ಕಡಿಮೆ, ಆದರೆ ಅದಕ್ಕೆ ಬೇರೆ ತಲೆನೋವಿದೆ. 2022ರ ಹರಾಜಿನಲ್ಲಿ 5ಜಿಗೆ ಹೋದ 3,300ರಿಂದ 3,670 ಮೆಗಾಹರ್ಟ್ಸ್ ಪಟ್ಟಿಯು ಉಪಗ್ರಹದಿಂದ ಕೆಳಗಿಳಿಯುವ 3,700ರಿಂದ 4,200 ಮೆಗಾಹರ್ಟ್ಸ್ ಪಟ್ಟಿಗೆ ತೀರ ಹತ್ತಿರವಿದೆ. ಹತ್ತಿರದ ಮೊಬೈಲ್ ಟವರಿನ ಬಲವಾದ ಸಂಕೇತದ ಎದುರು ಉಪಗ್ರಹದ ಕ್ಷೀಣ ಸಂಕೇತ ಮುಳುಗಿಹೋಗಬಹುದಾದ್ದರಿಂದ, ಸಂಕೇತ ಸ್ವೀಕರಿಸುವ ಆಂಟೆನಾಕ್ಕೆ ಒಳ್ಳೆಯ ಫಿಲ್ಟರ್ ಅಳವಡಿಸುವ ವೆಚ್ಚವನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿಕೊಳ್ಳಿ.

ಒಪ್ಪಿಗೆ ಸಿಕ್ಕ ಮೇಲೂ ಷರತ್ತುಗಳು ಉಪಗ್ರಹದ ಜೊತೆಗೇ ಸಾಗುತ್ತವೆ. ಭೂಸ್ಥಿರ ಉಪಗ್ರಹವು ಪೂರ್ವ–ಪಶ್ಚಿಮವಾಗಿ 0.1 ಡಿಗ್ರಿಗಿಂತ ಹೆಚ್ಚು ಸರಿಯದಂತೆ ಹಿಡಿದಿಡಬೇಕು, ಮತ್ತು ಆಯುಸ್ಸಿನ ಕೊನೆಯಲ್ಲಿ ಅದನ್ನು ಭೂಸ್ಥಿರ ಕಕ್ಷೆಗಿಂತ ಕನಿಷ್ಠ 235 ಕಿಲೋಮೀಟರ್ ಮೇಲಕ್ಕೆ ಏರಿಸಲು ಬೇಕಾದ ಇಂಧನವನ್ನು, ಅದು ಇನ್ನಷ್ಟು ತಿಂಗಳ ಆದಾಯ ತಂದುಕೊಡುವಂತಿದ್ದರೂ, ಖರ್ಚುಮಾಡದೆ ಉಳಿಸಿಕೊಳ್ಳಬೇಕು.