ಬಹಾದುರ್ ಷಾ ಜಫರ್ ಬಗ್ಗೆ ಭಾಷಣ ಬರೆಯೋ ಮುಂಚೆ

ಮಂಡ್ಯದ ನಮ್ಮ ಹೈಸ್ಕೂಲಲ್ಲಿ ಭಾಷಣ ಸ್ಪರ್ಧೆ ಬಂತೆಂದರೆ ಕಡೇ ಮೊಗಲ್ ದೊರೆಯ ಕಥೆ ಹಿಡಿದು ಒಬ್ಬರಾದರೂ ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಅವರಿಗೆ ಹೇಳೋದು ಇಷ್ಟೇ.

ದಾಖಲೆ ಇರೋದನ್ನ ಪೆನ್ನಲ್ಲಿ ಬರೀರಿ. 1858ರ ಜನವರಿಯಲ್ಲಿ ಕೆಂಪುಕೋಟೆಯಲ್ಲಿ ವಿಚಾರಣೆ ಶುರು, ಅದೇ ವರ್ಷ ರಂಗೂನಿಗೆ ಗಡೀಪಾರು, 1862ರ ನವೆಂಬರ್ 7ಕ್ಕೆ ಸಾವು. ಇದರಲ್ಲಿ ತಕರಾರಿಲ್ಲ.

ಕೇಳಿದ ಕಥೆಯೆಲ್ಲ ಪೆನ್ಸಿಲ್‌ನಲ್ಲಿರಲಿ. ಮಕ್ಕಳ ತಲೆಗಳನ್ನ ತಟ್ಟೆಯಲ್ಲಿಟ್ಟು ಮುದುಕನ ಮುಂದೆ ತಂದರು ಅನ್ನೋದಕ್ಕೆ ಚಪ್ಪಾಳೆ ಗ್ಯಾರಂಟಿ. ಆದರೆ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಬ್ರಿಟಿಷ್ ಸೇನಾಧಿಕಾರಿ ಹಾಡ್ಸನ್ 1857ರ ಸೆಪ್ಟೆಂಬರ್ 22ರಂದು ಗುಂಡಿಟ್ಟು ಕೊಂದದ್ದಕ್ಕೆ ದಾಖಲೆಯಿದೆ, ತಟ್ಟೆಗೆ ಗಟ್ಟಿ ಸಾಕ್ಷಿಯಿಲ್ಲ. ಹೇಳಲೇಬೇಕಾದರೆ ‘ಅಂತಾರೆ’ ಸೇರಿಸಿ.

ಜಫರ್ ಸೆರೆಸಿಕ್ಕ ದಿನ ಒಬ್ಬರು 20 ಅಂತಾರೆ, ಇನ್ನೊಬ್ಬರು 21. ‘ಸೆಪ್ಟೆಂಬರ್ ಮೂರನೇ ವಾರ’ ಅಂದರೆ ಸಾಕು, ತೀರ್ಪುಗಾರರೂ ಕೆದಕೋಲ್ಲ.

ಗೋರಿ ವಿಷಯಕ್ಕೆ ಸ್ವಲ್ಪ ಹುಷಾರು. ಸತ್ತ ದಿನವೇ ಹೂತು, ಗುರುತು ಉಳಿಯದ ಹಾಗೆ ಬ್ರಿಟಿಷರು ನೆಲ ಸಮ ಮಾಡಿಸಿದರು. 1991ರಲ್ಲಿ ಚರಂಡಿಗೆ ಅಗೆಯುವಾಗ ಇಟ್ಟಿಗೆಯ ಗೋರಿ ಸಿಕ್ಕಿತು. ‘ಎಲ್ಲಿದೆಯೋ ಗೊತ್ತಿಲ್ಲ’ ಅಂತ ಲೈಬ್ರರಿಯ ಪುಸ್ತಕದಲ್ಲಿದ್ದರೆ, ಅದು ಅಚ್ಚಾದ ವರ್ಷ ನೋಡಿ.