ತಿಪಟೂರಿನ ಕರಟದಲ್ಲಿ ಬಾಗ್ದಾದಿನ ಜೋಝಾ: ನನ್ನ ಅನುಭವ

ತೆಂಗಿನ ಕರಟದಲ್ಲಿ ಮಾಡೋ ಜೋಝಾ ಅನ್ನೋ ಇರಾಕಿನ ಕಮಾನು ವಾದ್ಯ ನಾನೇ ಮಾಡಕ್ಕೆ ಹೊರಟೆ, ಕೊನೆಗೂ ನಾದ ಬಂತು, ಹನ್ನೆರಡನೇ ಕರಟಕ್ಕೆ. "ಕರಟದಲ್ಲಿ ಸೌಟು ಮಾಡ್ಬೋದು ಕಣಯ್ಯ, ವಾದ್ಯ ಅಲ್ಲ" ಅಂದಿದ್ದ ನಮ್ಮ ಮೃದಂಗ ಕಟ್ಟೋ ಯಜಮಾನ್ರೇ ಹೋದ ತಿಂಗಳು ಮನೆಗೆ ಬಂದು ಅರ್ಧ ಗಂಟೆ ಸುಮ್ನೆ ಕೂತು ಕೇಳಿದ್ರು. ಅದಕ್ಕೇ ಇದನ್ನ ಬರೀತಿದೀನಿ.

ಪಿಟೀಲು ನುಡಿಸೋರಿಗೆ, ವಾದ್ಯ ರಿಪೇರಿ ಮಾಡೋರಿಗೆ ಉಪಕರಣದ ಬಗ್ಗೆ ಹೇಳೋದೇನಿಲ್ಲ. ಜೋಝಾ ಮಾತ್ರ ನಮ್ಮಲ್ಲಿ ಯಾರೂ ನೋಡಿಲ್ಲ. ಚಾಲ್ಗಿ ಅನ್ನೋದು ಬಾಗ್ದಾದಿನ ಸಾಂಪ್ರದಾಯಿಕ ವಾದ್ಯಮೇಳ, ಅದರಲ್ಲಿ ಸಂತೂರ್ (ಕಡ್ಡಿಯಿಂದ ಬಡಿಯೋ ತಂತಿವಾದ್ಯ), ದುಂಬಕ್, ರಿಕ್ (ಎರಡೂ ಕೈಯಲ್ಲಿ ಬಾರಿಸೋ ಚರ್ಮವಾದ್ಯ) ಜೊತೆ ಇರೋ ನಾಲ್ಕು ತಂತಿಯ ಕಮಾನು ವಾದ್ಯ. ಮೈ ತೆಂಗಿನ ಕರಟ, ಮುಂದೆ ಚರ್ಮ, ಹಿಂದೆ ಖಾಲಿ, ಕೆಳಗೆ ಕಬ್ಬಿಣದ ಕಡ್ಡಿ, ಮಂಡಿ ಮೇಲೆ ನೆಟ್ಟಗೆ ಇಟ್ಕೊಂಡು ನುಡಿಸ್ತಾರೆ. ಅರಬ್ಬಿಯಲ್ಲಿ ತೆಂಗಿನಕಾಯಿಗೆ ಜೌಝ್ ಅಲ್ ಹಿಂದ್ ಅಂತಾರೆ, ಹಿಂದೂಸ್ತಾನದ ಕಾಯಿ ಅಂತ. ಹೆಸರು ಅಲ್ಲಿಂದ್ಲೇ. ಇದನ್ನ ಓದಿದ ದಿನಾನೇ ನಂಗೆ ಹುಚ್ಚು ಹಿಡೀತು, ನಮ್ಮಮ್ಮನ ತವರು ತೆಂಗಿಗೆ ಹೆಸರಾದ ತಿಪಟೂರು.

ಇನ್ನೊಂದು ವಿಷ್ಯ ನನ್ನ ಹಿಡಿದಿಟ್ಟಿದ್ದು ಇದನ್ನ ಬಾರಿಸ್ತಿದ್ದೋರು ಯಾರು ಅನ್ನೋದು. ಮಕಾಮ್ ಅಂದ್ರೆ ನಮ್ಮ ರಾಗದ ಹಾಗೆ ಅವರ ಸ್ವರ ಪದ್ಧತಿ; ಇರಾಕಿ ಮಕಾಮ್ ಹಾಡೋರಲ್ಲಿ ಮುಸ್ಲಿಮರೂ ಇದ್ರು ಯಹೂದಿಗಳೂ ಇದ್ರು, ಆದ್ರೆ ಚಾಲ್ಗಿಯ ವಾದ್ಯ ಹಿಡಿದೋರು ಹೆಚ್ಚಾಗಿ ಬಾಗ್ದಾದಿನ ಯಹೂದಿಗಳು. 1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ಆಯ್ತಲ್ಲ, ಇರಾಕಿನ ಪರವಾಗಿ ಹಾಡಿದ್ದು ಮುಹಮ್ಮದ್ ಅಲ್ ಖುಬ್ಬಾಂಜಿ, ಹಿಂದೆ ಕೂತಿದ್ದ ವಾದ್ಯದೋರು ಹೆಚ್ಚಾಗಿ ಯಹೂದಿಗಳು. ಜೋಝಾ ಸಾಲೆ ಶುಮ್ಮೇಲ್ ಅವರದು, ಸಂತೂರ್ ಯೂಸುಫ್ ಪತಾವ್ ಅವರದು. ಆ ರೆಕಾರ್ಡಿಂಗ್ ಈಗ್ಲೂ ಸಿಗುತ್ತೆ. ಜೋಝಾ ಸ್ವಲ್ಪ ಗೊಗ್ಗರು, ಮೂಗಿನಿಂದ ಬಂದ ಹಾಗೆ, ಹಾಡೋರ ಗಂಟಲಿಗೆ ಅಂಟ್ಕೊಂಡೇ ಹೋಗುತ್ತೆ. "ಪಿಟೀಲಲ್ಲೇ ನುಡಿಸು, ಕಷ್ಟ ಯಾಕೆ" ಅಂದೋರು ಬಹಳ ಜನ. ಪಿಟೀಲಲ್ಲೂ ದೊಡ್ಡೋರಿದ್ರು, ಸಾಲೆ ಅಲ್ ಕುವೈತಿ ಇದ್ರು, ಅವರ ತಮ್ಮ ದಾವೂದ್ ಊದ್ ಅನ್ನೋ ಮೀಟೋ ತಂತಿವಾದ್ಯ ನುಡಿಸ್ತಿದ್ರು. ಆದ್ರೆ ಆ ಗೊಗ್ಗರು ಪಿಟೀಲಲ್ಲಿ ಬರಲ್ಲ, ನಾನು ಆರು ತಿಂಗಳು ಪ್ರಯತ್ನ ಪಟ್ಟೇ ಹೇಳ್ತಿದೀನಿ.

ಮೊದಲ ತಪ್ಪು ದುಡ್ಡಿನದು. ಹೊರದೇಶದ ಒಬ್ಬ ವ್ಯಾಪಾರಿಗೆ ಸುಮಾರು 28 ಸಾವಿರ ಕಳ್ಸಿದೆ, ಬಂದಿದ್ದು ಸೀಳಿದ ಕರಟ. ವಾಪಸ್ ಒಂದು ಪೈಸೆ ಬರ್ಲಿಲ್ಲ. ಆಮೇಲೇ ನಾನೇ ಮಾಡ್ತೀನಿ ಅಂತ ಹಠ ಬಂದಿದ್ದು.

ಸಂತೆಯಿಂದ ತಂದ ಕಾಯಿ ನಾಲ್ಕು ಕತ್ತರಿಸಿದೆ, ನಾಲ್ಕೂ ಒಣಗ್ತಾ ಬಿರುಕು ಬಿಟ್ವು. ಸೋದರಮಾವ ನೋಡಿ "ಅಟ್ಟದ್ದು ತಗೊಂಡ್ಹೋಗು ಕಣೋ" ಅಂದ್ರು. ಉಂಡೆ ಕೊಬ್ಬರಿಗೆ ಅಂತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಇದ್ದ ಕಾಯಿ, ಅಲ್ಲಾಡಿಸಿದ್ರೆ ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತೆ, ಕರಟ ಕಲ್ಲಿನ ಹಾಗೆ. ಆದ್ರೆ ಕೊಬ್ಬರಿ ತೆಗೆಯೋರು ಮಚ್ಚಲ್ಲಿ ಒಡೀತಾರೆ, ನಮಗೆ ಇಡೀ ಬೇಕು. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಲ್ಲಿ ಸುತ್ತಲೂ ಗೀರ್ಕೊಂಡು ತಿರುಗಿಸ್ತಾ ತಿರುಗಿಸ್ತಾ ಕುಯ್ದೆ, ಒಂದಕ್ಕೆ ಒಂದೂವರೆ ಗಂಟೆ. ಹಿಂದಿನ ತುದೀನೂ ತೆಗೀಬೇಕು, ಎಷ್ಟು ಅಗಲ ಅನ್ನೋದು ನಾನು ಹೇಳಲ್ಲ, ಆ ಅಳತೆಗೇ ಐದು ಕರಟ ಹಾಳಾಗಿವೆ.

ಚರ್ಮ ಇನ್ನೊಂದು ಕಥೆ. ಉಡದ ಚರ್ಮ ಹಾಕು, ಖಂಜೀರದ ಹಾಗೆ ಕೂಗುತ್ತೆ ಅಂತ ಒಬ್ರು ಸಲಹೆ ಕೊಟ್ರು, ಅದು ಕಾನೂನು ಪ್ರಕಾರ ತಪ್ಪು, ಕೈ ಹಾಕ್ಲೇ ಇಲ್ಲ. ಮಧ್ಯೆ ಮೀನಿನ ಚರ್ಮ ಪ್ರಯೋಗ ಮಾಡ್ದೆ, ಎರಡು ವಾರ ಬಿಸಿಲಲ್ಲಿಟ್ಟೆ, ನಾದ ತೆಳ್ಳಗೆ ಚೆನ್ನಾಗೇ ಇತ್ತು, ಮಳೆ ಬಂದ ದಿನ ಅಂಟು ಬಿಟ್ಟು ಮುದುಡ್ಕೊಂಡ್ಬಿಡ್ತು. ಕೊನೆಗೆ ಎಳೇ ಮೇಕೆ ಚರ್ಮ. ಅದೂ ಜುಲೈನಲ್ಲಿ ಸಡಿಲ ಆಗಿ ತಂತಿ ಹೊರೋ ಕುದುರೆ (ಬ್ರಿಡ್ಜ್) ಒಳಗೆ ಕುಸೀತಿತ್ತು, ಶ್ರುತಿ ಅರ್ಧ ಸ್ವರ ಇಳೀತಿತ್ತು. ಬಾಗ್ದಾದಿನ ಒಣ ಬಿಸಿಲಿಗೆ ಹುಟ್ಟಿದ ವಾದ್ಯ ಅದು, ನಮ್ಮ ಮಳೆಗಾಲ ತಡೆಯಲ್ಲ. ಚರ್ಮದ ಒಳಮೈಗೆ ಒಂದು ಲೇಪ ಹಚ್ತೀನಿ ಈಗ, ಏನು ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ. ಹಲಸಿನ ದಂಡಿ, ಬಿರಡೆ, ಪಿಟೀಲಿನ ತಂತಿ, ಹಾಳಾದ ಕರಟ ಎಲ್ಲಾ ಸೇರಿ ಆ 28 ಸಾವಿರ ಬಿಟ್ಟು ಇನ್ನೊಂದು ಹದಿನೈದು ಸಾವಿರ ಹೋಗಿರ್ಬೋದು.

ವಾದ್ಯ ಆಯ್ತು, ಸ್ವರ ಆಗ್ಲಿಲ್ಲ. ರಾಸ್ತ್ ಅನ್ನೋ ಮಕಾಮಿನ ಗಾಂಧಾರ (ಗ ಸ್ವರ) ನಮ್ಮ ಕರ್ನಾಟಕ ಸಂಗೀತದ ಸಾಧಾರಣ ಗಾಂಧಾರಕ್ಕೂ ಅದಕ್ಕಿಂತ ಮೇಲಿನ ಅಂತರ ಗಾಂಧಾರಕ್ಕೂ ಮಧ್ಯೆ ಇರುತ್ತೆ, ಅದನ್ನ ಅಲ್ಲಾಡಿಸದೆ ನಿಲ್ಲಿಸ್ಬೇಕು. ಇಪ್ಪತ್ತೆರಡು ವರ್ಷ ಗಮಕ ಹಾಕಿದ, ಅಂದ್ರೆ ಸ್ವರ ಅಲ್ಲಾಡಿಸಿದ ಬೆರಳು, ನಿಲ್ಲುತ್ತಾ? ಟ್ಯೂನರ್ ಆಪ್ ನೋಡ್ಕೊಂಡು ಮೂರು ತಿಂಗಳು ಕೂತೆ, ಮುಳ್ಳು ಸರಿಯಾಗಿ ನಿಂತ್ರೂ ಕಿವಿಗೆ ಸತ್ತ ಸ್ವರ. ಆಮೇಲೆ ಆಪ್ ಬಿಟ್ಟು ಶ್ಬಾಹೋತ್ ಹಾಡ್ಕೊಂಡು ಕಲಿಯಕ್ಕೆ ಶುರು ಮಾಡ್ದೆ. ಬಾಗ್ದಾದಿನ ಯಹೂದಿಗಳು ಸಬ್ಬತ್ (ವಾರದ ಪವಿತ್ರ ವಿಶ್ರಾಂತಿ) ದಿನ, ಹಬ್ಬದಲ್ಲಿ, ಮದುವೇಲಿ ಹೇಳೋ ಹೀಬ್ರೂ ಸ್ತುತಿಗಳು ಇವು, ಸಾಹಿತ್ಯ ಹೀಬ್ರೂ, ಮಕಾಮ್ ಮಾತ್ರ ಪಕ್ಕದ ಮನೆಯ ಮುಸ್ಲಿಮರದ್ದೇ. ಸಬ್ಬತ್‌ನಲ್ಲಿ ವಾದ್ಯ ಮುಟ್ಟಲ್ಲ, ಹಾಗಾಗಿ ಪೂರ್ತಿ ಗಂಟಲಲ್ಲೇ ಇರುತ್ತೆ. ಬೆಳಿಗ್ಗೆ ನಲವತ್ತು ನಿಮಿಷ ಬರೀ ಹಾಡು, ವಾದ್ಯ ಗೋಡೆಗೆ. ಕರ್ನಾಟಕ ಸಂಗೀತದೋನು ಹಾಡಿ ಹಾಡಿ ಗಮಕ ಬಿಡಕ್ಕಾಗುತ್ತಾ ಅಂತ ನಮ್ಮ ಗುಂಪಲ್ಲೇ ವಾದ ಆಯ್ತು. ಸುಮಾರು ಐದನೇ ತಿಂಗಳಿಗೆ ಬೆರಳು ತಾನಾಗೇ ಆ ಜಾಗದಲ್ಲಿ ಕೂತ್ಕೊಳ್ತು.

ಮುಂಬೈನ ಬಾಗ್ದಾದಿ ಯಹೂದಿ ಸ್ನೇಹಿತರೊಬ್ರು ಇಸ್ರೇಲಿನ ರಾಮತ್ ಗಾನ್‌ನಲ್ಲಿರೋ ತಮ್ಮ ಸಂಬಂಧಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿಸಿದ್ರು. 1950-51ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಇರಾಕ್ ಬಿಟ್ರಲ್ಲ, ಆಗ ಅಜ್ಜಿಗೆ ಒಂಬತ್ತೋ ಹತ್ತೋ ವರ್ಷ. ರಾಸ್ತ್ ನುಡಿಸ್ದೆ. ಎರಡು ನಿಮಿಷ ಕೇಳಿ ಮೊಮ್ಮಗನಿಗೆ ಏನೋ ಅಂದ್ರು. ಗಾಂಧಾರ ಸರಿ ಇದೆ, ಕೆಳಗಿಳಿಯುವಾಗ ನಿಷಾದ (ನಿ ಸ್ವರ) ಮೇಲಾಯ್ತು ಅಂತೆ. ಆಮೇಲೆ ಅಜ್ಜೀನೇ ಹಾಡಿ ತೋರಿಸಿದ್ರು, ಒಂದಲ್ಲ ಮೂರು ಸಲ. ಈಗ ಆ ನಿಷಾದದ ಮೇಲೇ ಕೂತಿದೀನಿ, ಅಟ್ಟದಲ್ಲಿ ಇನ್ನೂ ಆರು ಕಾಯಿ ಒಣಗ್ತಿವೆ.